ತಳಕ್ಕೆ ತೂತಿಲ್ಲದ ಬಕೆಟ್ಟಿನಲ್ಲಿ ಟೊಮೆಟೊ: ನನ್ನ ಅನುಭವ

ಬಕೆಟ್ಟಿನ ತಳಕ್ಕೆ ತೂತು ಮಾಡದೆ, ತಳದಿಂದ ಎರಡು ಇಂಚು ಮೇಲೆ ಪಕ್ಕದಲ್ಲಿ ಒಂದೇ ತೂತು ಕೊರೆದು ತರಕಾರಿ ಬೆಳೆಯುತ್ತೇನೆ ಎಂದಾಗ ನಮ್ಮ ಬಡಾವಣೆಯ ಕೈತೋಟದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಬೇರು ಕೊಳೆಯುತ್ತದೆ, ಸೊಳ್ಳೆ ಸೇರುತ್ತದೆ ಎಂದರು. ಊರಿನಲ್ಲಿ ಮೂವತ್ತು ವರ್ಷ ತೋಟ ಮಾಡಿದ ನಮ್ಮ ಮಾವನವರಂತೂ "ಬುಡದಲ್ಲಿ ನೀರು ನಿಂತ ಗಿಡ ಬದುಕಿದ್ದನ್ನು ನಾನು ಕಂಡಿಲ್ಲ" ಎಂದುಬಿಟ್ಟರು. ಈಗ ಬೆಂಗಳೂರಿನ ನಮ್ಮ ಹಿತ್ತಲಿನ ಹತ್ತು–ಹದಿನಾಲ್ಕು ಅಡಿ ಜಾಗದಲ್ಲಿ ಅಂಥ 26 ಬಕೆಟ್‌ಗಳಿವೆ. ಇವುಗಳಲ್ಲಿ ಬೇರು ಕೊಳೆತು ಒಂದು ಗಿಡವೂ ಸತ್ತಿಲ್ಲ.

ಅಲ್ಲಿಗೆ ಬರುವ ಮೊದಲು ಕಳೆದುಕೊಂಡದ್ದು ಬಹಳ. 2021ರಲ್ಲಿ ಎಲ್ಲರಂತೆ ತಳಕ್ಕೆ ಐದಾರು ತೂತು ಹಾಕಿ, ಒಬ್ಬ ಮಾರಾಟಗಾರರಿಂದ ತರಿಸಿದ ಕೆಂಪುಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ 18 ಬಕೆಟ್ ತುಂಬಿದೆ. ಗಿಡಗಳು ಸೊಂಟದೆತ್ತರ ಬಂದು, ಗೊಂಚಲಿನಲ್ಲಿ ಕಾಯಿ ಹಿಡಿಯುವ ಹೊತ್ತಿಗೆ, ಎಲೆ ಹಸಿರಾಗಿದ್ದಂತೆಯೇ ಒಂದೊಂದಾಗಿ ಜೋತುಬಿದ್ದವು. ಒಂದು ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ, ಎರಡು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಗಿಳಿಯತೊಡಗಿತು. ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಗುರುತು; ರೋಗ ಮಣ್ಣಿನೊಂದಿಗೇ ಮನೆಗೆ ಬಂದಿತ್ತು. ಹನ್ನೆರಡು ಬಕೆಟ್ ಹೋದವು. ನೆನಪಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ ನಷ್ಟ. ಅಂದಿನಿಂದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಬಿಟ್ಟು ಬೇರೆ ಟೊಮೆಟೊ ಹಾಕಿಲ್ಲ. ಈ ಸೊರಗು ರೋಗವನ್ನೂ ಎಲೆ ಸುರುಟಿಕೊಳ್ಳುವ ಎಲೆಮುಟುರು ರೋಗವನ್ನೂ ಅದು ತಡೆದುಕೊಳ್ಳುತ್ತದೆ.

ಮರುವರ್ಷ ರೋಗ ಬರಲಿಲ್ಲ, ಆದರೆ ಕಾಯಿಗಳ ತುದಿ ಕಪ್ಪಾಗಿ, ಚರ್ಮದಂತೆ ಒಣಗಿ ಒಳಗಿಳಿದವು. ಮೊಟ್ಟೆಯ ಚಿಪ್ಪು ಪುಡಿಮಾಡಿ ಹಾಕಿ ಎಂದು ಎಲ್ಲರೂ ಹೇಳಿದರು. ಎರಡು ತಿಂಗಳು ಹಾಕಿದರೂ ಏನೂ ಆಗಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಬೆಳಗ್ಗೆ ಏಳಕ್ಕೆ ಹಾಕಿದ ನೀರು ತಳದ ತೂತುಗಳಿಂದ ಹರಿದುಹೋಗಿ, ಮಾರ್ಚ್ ಬಿಸಿಲಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಬಕೆಟ್ ಬೂದಿಯಂತೆ ಒಣಗುತ್ತಿತ್ತು. ಚಿಪ್ಪಿನಲ್ಲಿರುವ ಸುಣ್ಣದ ಅಂಶದ (ಕ್ಯಾಲ್ಸಿಯಂ) ಕೊರತೆ ಮಣ್ಣಿನಲ್ಲಿ ಇರಲಿಲ್ಲ; ಅದನ್ನು ಕಾಯಿಗೆ ಒಯ್ಯುವ ನೀರು ಒಂದೇ ಸಮನೆ ಇರಲಿಲ್ಲ. ತೂತು ಪಕ್ಕದಲ್ಲಿದ್ದರೆ ಅದರ ಕೆಳಗೆ ನೀರು ಉಳಿಯುತ್ತದೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ.

ಮೊದಲ ಪ್ರಯತ್ನದಲ್ಲಿ ಗೆಳೆಯರ ಮಾತೇ ನಿಜವಾಯಿತು. ಅರ್ಧ ಕೆಂಪುಮಣ್ಣೇ ಇದ್ದ ಮಿಶ್ರಣ ಕೆಸರಾಗಿ ಚರಂಡಿಯಂತೆ ನಾತ ಹೊಡೆಯಿತು. ಈಗ ತೂತಿನ ಮಟ್ಟದವರೆಗೆ ಒಡೆದ ಮಂಗಳೂರು ಹೆಂಚಿನ ಚೂರು ತುಂಬಿ, ನಡುವೆ ಎರಡು ಮುಷ್ಟಿ ಅಗಲದಷ್ಟು ತೆಂಗಿನ ನಾರಿನ ಪುಡಿಯನ್ನು ತಳ ಮುಟ್ಟುವಂತೆ ಒತ್ತುತ್ತೇನೆ. ನೀರು ಅದರ ಮೂಲಕವೇ ಮೇಲೇರುತ್ತದೆ. ಅದರ ಮೇಲೆ ಅರ್ಧ ಭಾಗ ನಾರಿನ ಪುಡಿ, ಮೂರನೇ ಒಂದು ಭಾಗ ಎರೆಗೊಬ್ಬರ, ಉಳಿದದ್ದು ಮಣ್ಣು, ಬಕೆಟ್ಟಿಗೆ ಎರಡು ಹಿಡಿ ಬೇವಿನ ಹಿಂಡಿ. ತೂತಿಗೆ ಸೊಳ್ಳೆಪರದೆಯ ತುಂಡು ತುರುಕಿದರೆ ಸೊಳ್ಳೆಯ ಮಾತು ಮುಗಿಯಿತು. ನಾರಿನ ಪುಡಿಯನ್ನು ಮೂರು ನೀರಿನಲ್ಲಿ ತೊಳೆಯಲೇಬೇಕು. ಮೂರನೆಯ ನೀರಿಗೆ ನಾನು ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಬೆಳೆ ಹಿಡಿದಿವೆ.

ಈ ವಿಧಾನದ ನಿಜವಾದ ಪರೀಕ್ಷೆ 2024ರ ಬೇಸಿಗೆಯಲ್ಲಿ ನಡೆಯಿತು. ನಮ್ಮ ಬೋರ್‌ವೆಲ್ ಬತ್ತಿತು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶಿಸಿತು. ಮೊದಲು ದಿನಕ್ಕೆ 70 ಲೀಟರ್ ಕುಡಿಯುತ್ತಿದ್ದ ಹಿತ್ತಲು, ನೀರು ಹರಿದುಹೋಗದ ಕಾರಣ, 35–40 ಲೀಟರಿನಲ್ಲಿ ನಡೆಯಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಅರ್ಧದಷ್ಟನ್ನು ಪೂರೈಸಿತು. ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ಉಪ್ಪಿನಂಶದ ತ್ಯಾಜ್ಯ ನೀರನ್ನೂ ನಾಲ್ಕು ಬಕೆಟ್‌ಗಳಿಗೆ ಹಾಕಿ ನೋಡಿದೆ. ಮೂರು ವಾರದಲ್ಲಿ ಎಲೆಯಂಚು ಸುಟ್ಟಂತಾಗಿ, ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿತು. ಕೆಳಗಿನಿಂದ ನೀರು ಹೊರಹೋಗದ ಬಕೆಟ್ಟಿಗೆ ಆ ನೀರು ಸಲ್ಲದು.

ಇದರ ನಡುವೆ ಬದನೆಯ ಮೇಲೆ ಒಂದು ಪ್ರಯೋಗ ಮಾಡಿದೆ. ಮೊದಲ ಬೆಳೆ ಮುಗಿದ ಆರು ಗಿಡಗಳನ್ನು ಕೀಳದೆ, ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಟ್ಟೆ. ಐದು ಕೂಳೆ (ಕತ್ತರಿಸಿದ ಮೇಲೆ ಉಳಿದ ಬುಡ) ಚಿಗುರಿ, ಎರಡು ತಿಂಗಳೊಳಗೆ ಮತ್ತೆ ಕಾಯಿ ಬಿಟ್ಟವು. ಕಪ್ಪು ಬಕೆಟ್‌ಗಳಿಗೆ ಹೊರಗಿನಿಂದ ಸುಣ್ಣ ಬಳಿದದ್ದೂ ಫಲ ಕೊಟ್ಟಿತು. ಬಳಿಯದ ಬಕೆಟ್ಟಿನ ಪಶ್ಚಿಮದ ಮೈಯನ್ನು ಏಪ್ರಿಲ್ ಮಧ್ಯಾಹ್ನ ಅಂಗೈಯಿಂದ ಹಿಡಿಯಲಾಗುತ್ತಿರಲಿಲ್ಲ.

ಖರ್ಚಿನ ವಿಷಯ. ಗುಜರಿ ಅಂಗಡಿಯಲ್ಲಿ 20 ಲೀಟರಿನ ಪೇಂಟ್ ಬಕೆಟ್ ಒಂದಕ್ಕೆ ಸುಮಾರು 70 ರೂಪಾಯಿ; ನಾರಿನ ಪುಡಿ, ಎರೆಗೊಬ್ಬರ, ಹಿಂಡಿ ಎಲ್ಲ ಸೇರಿ 26 ಬಕೆಟ್‌ಗಳಿಗೆ ಐದು ಸಾವಿರದೊಳಗೆ ಮುಗಿಯಿತು. ಟೊಮೆಟೊ ಬಕೆಟ್ಟಿಗೆ ಮೂರೂವರೆಯಿಂದ ನಾಲ್ಕು ಕಿಲೊ ಬರುತ್ತದೆ, ಬದನೆ ಕೂಳೆಯೂ ಸೇರಿ ಐದು. ಮೊದಲೆರಡು ವರ್ಷದ ನಷ್ಟವನ್ನು ಹಿಡಿದರೆ ಹಾಕಿದ ಹಣ ಇನ್ನೂ ಪೂರ್ತಿ ಹಿಂದಿರುಗಿಲ್ಲ. ಆದರೂ 2023ರ ಜುಲೈನಲ್ಲಿ ಟೊಮೆಟೊ ಕಿಲೊಗೆ ನೂರು ರೂಪಾಯಿ ದಾಟಿದಾಗ, ಆ ಒಂದೇ ತಿಂಗಳಲ್ಲಿ ಹನ್ನೊಂದು ಕಿಲೊ ಕೊಯ್ದು, ಸಂದೇಹಪಟ್ಟವರ ಮನೆಗಳಿಗೂ ಕೊಟ್ಟೆವು. ಮಾವನವರಿಗೆ ಕಳುಹಿಸಿದ್ದು ಎರಡು ಕಿಲೊ.

ಹೀರೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಇಪ್ಪತ್ತು ಲೀಟರಿನಲ್ಲಿ ಬಳ್ಳಿ ಹಬ್ಬುತ್ತದೆ, ಆದರೆ ಹೆಣ್ಣು ಹೂವು ಪೀಚಿನಲ್ಲೇ ಉದುರುತ್ತದೆ. ಈ ಸಲ 50 ಲೀಟರಿನ ಡ್ರಮ್ಮಿಗೆ ಮೂರು ಇಂಚು ಮೇಲೆ ತೂತು ಕೊರೆದು ಎರಡು ಬೀಜ ಊರಿದ್ದೇನೆ.