ಅಮ್ಮನ ಅಂಗಡಿ ಬಾಗಿಲಿಗೆ ಕಾಣದ ಕಿರಣ

ಗುಬ್ಬಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಚಿಲ್ಲರೆ ಅಂಗಡಿ. ಅಮ್ಮ ಒಳಗೆ ಒಗ್ಗರಣೆ ಹಾಕುತ್ತಿದ್ದರೆ ಗಿರಾಕಿ ಬಂದದ್ದು ಗೊತ್ತಾಗುವುದಿಲ್ಲ. ಯಾರಾದರೂ ಬಾಗಿಲು ದಾಟಿದರೆ ಬಜರ್ ಕೂಗಬೇಕು, ಅಷ್ಟೇ ಕೆಲಸ. ಚೌಕಟ್ಟಿನ ಒಂದು ಕಡೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಎಲ್‌ಇಡಿ, ಎದುರಿಗೆ ಆ ಬೆಳಕು ಹಿಡಿಯುವ ರಿಸೀವರ್, ಎರಡನ್ನೂ ನಡೆಸಲು ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು.

ಮೊದಲು ರಿಸೀವರ್ ಆಗಿ ಬರೀ ಫೋಟೋಟ್ರಾನ್ಸಿಸ್ಟರ್, ಅಂದರೆ ಬೆಳಕು ಬಿದ್ದರೆ ಕರೆಂಟು ಹರಿಯಬಿಡುವ ಬಿಡಿಭಾಗ ಹಾಕಿದ್ದೆ. ನಮ್ಮ ಬಾಗಿಲು ಪಶ್ಚಿಮಕ್ಕೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ ಅಲ್ವಾ, ಸಂಜೆ ನಾಲ್ಕಾದರೆ ಯಾರು ದಾಟಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಸೆಕೆಂಡಿಗೆ 38,000 ಸಲ ಮಿಣುಕುವ ಬೆಳಕನ್ನೇ ಆರಿಸಿ ಹಿಡಿಯುವ, ಟಿವಿಯೊಳಗೆ ಇರುವಂಥ ಮೂರು ಕಾಲಿನ ರಿಸೀವರ್‌ಗೆ ಬಂದೆ.

ನನ್ನ ಹತ್ತಿರವಿದ್ದ ಹಳೇ ಸರ್ಕ್ಯೂಟ್ ಚಿತ್ರದಲ್ಲಿ ರಿಸೀವರ್ ಮಾದರಿ ಟಿಎಸ್‌ಒಪಿ 1738 ಅಂತಿತ್ತು. ಪಾರ್ಟ್ಸ್ ಅಂಗಡಿಯವರು 38238 ಕೊಟ್ಟು "ಎರಡೂ ಒಂದೇ ಸಾರ್" ಅಂದರು. ಹಾಗೇ ಚುಚ್ಚಿದೆ. ಮುಟ್ಟಿ ನೋಡಿದರೆ ಬೆರಳು ಚುರ್ ಅಂತು. 1738ರ ಕಾಲುಗಳು ಕ್ರಮವಾಗಿ ಗ್ರೌಂಡ್ (ಮೈನಸ್), ಸಪ್ಲೈ (ಪ್ಲಸ್), ಔಟ್‌ಪುಟ್ (ಸಂಕೇತ). 38238ರದ್ದು ಔಟ್‌ಪುಟ್, ಗ್ರೌಂಡ್, ಸಪ್ಲೈ. ಒಂದು ಹೋಯಿತು.

ಎರಡನೆಯದು ನನ್ನನ್ನು ಮೂರು ದಿನ ಆಡಿಸಿತು. ಆನ್ ಮಾಡಿದರೆ ಬಜರ್ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಬಿಡದೆ ಕೂಗುತ್ತಿತ್ತು. "ಯಾರೂ ಇಲ್ದೆ ಯಾಕೋ ಬಡ್ಕೊಳ್ತಿದೆ?" ಅಂತ ಅಮ್ಮ. ಕೊನೆಗೆ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರದ ಹಾಳೆ ಓದಿದೆ. ಈ ಜಾತಿಯ ರಿಸೀವರ್ ರಿಮೋಟಿಗಾಗಿ ಮಾಡಿದ್ದು. ರಿಮೋಟ್ ತುಂಡು ತುಂಡಾಗಿ ಮಿಣುಕುತ್ತದೆ. ಒಂದೇ ಸಮನೆ ಬರುವ 38 ಕಿಲೋಹರ್ಟ್ಜ್‌ (ಸೆಕೆಂಡಿಗೆ 38,000) ಮಿಣುಕನ್ನು ಇದು ಟ್ಯೂಬ್‌ಲೈಟಿನ ಗಲಾಟೆ ಅಂದುಕೊಂಡು ಕಿವಿ ಮುಚ್ಚಿಕೊಳ್ಳುತ್ತದೆ. ಕಿರಣ ಕಂಡಾಗ ಕೆಳಗಿಳಿಯುವ ಔಟ್‌ಪುಟ್ ವೋಲ್ಟೇಜ್ ಮತ್ತೆ ಮೇಲಕ್ಕೇರುತ್ತದೆ, ಅಂದರೆ ಕಿರಣವೇ ಇಲ್ಲ ಅನ್ನುವ ಲೆಕ್ಕ. ಬಿಡದೆ ಬರುವ ಕಿರಣಕ್ಕೆಂದೇ ಟಿಎಸ್‌ಎಸ್‌ಪಿ 4038 ಅನ್ನುವ ಬೇರೆ ರಿಸೀವರ್ ಇದೆ. ಹೊಸದಾಗಿ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ನನ್ನ ಹತ್ತಿರ 38238 ಇದ್ದವು, ಹಾಗಾಗಿ ಪ್ರೋಗ್ರಾಂ ಬದಲಾಯಿಸಿದೆ: 600 ಮೈಕ್ರೋಸೆಕೆಂಡ್ ಮಿಣುಕಿನ ಒಂದು ತುಂಡು, 20 ಮಿಲಿಸೆಕೆಂಡ್ ಬಿಡುವು. ಸತತ ಮೂರು ತುಂಡು ತಪ್ಪಿದರೆ ಬಜರ್.

ಈಗ ಉಲ್ಟಾ ಆಯಿತು. ನಡುವೆ ನಿಂತರೂ ಸದ್ದಿಲ್ಲ! ಸುಣ್ಣದ ಗೋಡೆಗೆ ಬಡಿದು ಬರುವ ಬೆಳಕೇ ಅದಕ್ಕೆ ಸಾಕಾಗುತ್ತಿತ್ತು, ಅಷ್ಟು ಚುರುಕು. ಬೆಳಕು ಮಂದವಾಗಲೆಂದು ಎಲ್‌ಇಡಿಗಿದ್ದ 100 ಓಮ್ ರೆಸಿಸ್ಟರ್ (ಕರೆಂಟು ತಡೆಯುವ ಬಿಡಿಭಾಗ) ತೆಗೆದು 1 ಕಿಲೋಓಮ್‌ನದು ಹಾಕಿದೆ. ಪಕ್ಕದಿಂದ ಬರುವ ಬೆಳಕು ತಡೆಯಲು ಹಳೇ ಟಿವಿ ಆಂಟೆನಾದ ಕೊಳವೆ ಎರಡಿಂಚು ಕತ್ತರಿಸಿ ರಿಸೀವರ್ ಮುಂದೆ ಕೂರಿಸಿದೆ. ರಿಸೀವರನ್ನು ಚೌಕಟ್ಟಿನ ದಕ್ಷಿಣದ ಪಟ್ಟಿಗೆ ಹೊಡೆದೆ. ಅದು ಉತ್ತರಕ್ಕೆ ನೋಡುವುದರಿಂದ ಚಳಿಗಾಲದ ಇಳಿಬಿಸಿಲೂ ನೇರ ಬೀಳಲ್ಲ.

ಕಿರಣ ಎರಡೂವರೆ ಅಡಿ ಎತ್ತರದಲ್ಲಿದೆ. ಬೆಕ್ಕಿಗೆ ಕೂಗಲ್ಲ.