ಜಾಕೆಟ್ಟಿನ ಕಾಲರಿಗೆ ದೀಪ ಹೊಲಿಯುವುದು ಹೇಗೆ?

ದೀಪ ಹೊಲಿದ ಬಟ್ಟೆ ಮೇಜಿನ ಮೇಲೆ ಹರಡಿದಾಗ ಚೆನ್ನಾಗಿಯೇ ಬೆಳಗುತ್ತದೆ. ಮೈಮೇಲೆ ಹಾಕಿಕೊಂಡು ಕೈ ಎತ್ತಿದೊಡನೆ ಎರಡು ದೀಪ ಆರುತ್ತವೆ, ಇಳಿಸಿದರೆ ಒಂದು ಮತ್ತೆ ಹತ್ತಿಕೊಳ್ಳುತ್ತದೆ. ಕಲಿಯಲು ಬರುವವರ ಕೈಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆಂದರೆ, ಬಟ್ಟೆ ತಿರುವಿ ಹಾಕುವ ಮೊದಲೇ ಕಾರಣ ಊಹಿಸಬಲ್ಲೆ: ಹಿಂಬದಿಯ ಗಂಟು ಸಡಿಲಾಗಿದೆ. ಬ್ಯಾಟರಿ ಬದಲಿಸುತ್ತಾರೆ, ದೀಪ ಕಿತ್ತು ಬೇರೆ ಹಾಕುತ್ತಾರೆ, ಗಂಟನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಗಂಟಿಗೇ ಹೆಚ್ಚು ಜಾಗ.

ಮಾಡಬೇಕಾದ್ದು ಇಷ್ಟು. ಕಾಲರಿನ ಉದ್ದಕ್ಕೆ ನಾಲ್ಕು ಎಲ್‌ಇಡಿ. ಕೊರಳ ಬಳಿಯ ಟಿಚ್ ಬಟನ್ ಒತ್ತಿದರೆ ಹತ್ತಬೇಕು, ಬಿಚ್ಚಿದರೆ ಆರಬೇಕು. ಚಿಪ್, ಪ್ರೋಗ್ರಾಂ ಏನೂ ಬೇಡ.

ಸಾಮಾನು

ಹೊಲಿಯಲು ತೂತಿರುವ, ರೆಸಿಸ್ಟರ್ (ವಿದ್ಯುತ್ತನ್ನು ಮಿತಿಯಲ್ಲಿಡುವ ಬಿಡಿಭಾಗ) ಒಳಗೇ ಇರುವ ಎಲ್‌ಇಡಿ ನಾಲ್ಕು, ಎಲ್ಲವೂ ಕೆಂಪು. ಸಿಆರ್2032 ಬಟನ್ ಬ್ಯಾಟರಿ ಒಂದು, ಅದನ್ನು ಕೂರಿಸುವ ಹೊಲಿಗೆ ತೂತಿನ ಹೋಲ್ಡರ್, ಬಣ್ಣ ಬಳಿಯದ ಲೋಹದ ಟಿಚ್ ಬಟನ್, ತಂತಿಯ ಬದಲು ವಿದ್ಯುತ್ತು ಹರಿಸುವ ಸ್ಟೀಲ್ ದಾರ, ಕಣ್ಣು ದೊಡ್ಡದಿರುವ ಸೂಜಿ, ಬಣ್ಣವಿಲ್ಲದ ನೇಲ್ ಪಾಲಿಶ್, ಓಮ್ ಅಳೆಯುವ, ವಿದ್ಯುತ್ತು ಹರಿಯುವ ದಾರಿಯಿದ್ದರೆ ಬೀಪ್ ಎನ್ನುವ ಮಲ್ಟಿಮೀಟರ್.

ಕೆಂಪೇ ಏಕೆಂದರೆ, ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಬಿಳಿ, ನೀಲಿಗೆ 3ರ ಹತ್ತಿರ ಬೇಕು, ಬ್ಯಾಟರಿಯಲ್ಲಿ ಇರುವುದೇ 3. ಸ್ಟೀಲ್ ದಾರವು ತಾಮ್ರದ ತಂತಿಯ ಹಾಗಲ್ಲ. ಒಂದು ಅಡಿ ದಾರಕ್ಕೆ 10ರಿಂದ 30 ಓಮ್‌ವರೆಗೂ ಪ್ರತಿರೋಧ, ಅಂದರೆ ವಿದ್ಯುತ್ತಿಗೆ ಅಡ್ಡಿ, ಇರುತ್ತದೆ. ಒಂದು ದೀಪಕ್ಕೆ 5 ಮಿಲಿಆಂಪಿಯರ್‌ನಂತೆ ನಾಲ್ಕಕ್ಕೆ 20 ಎಂದುಕೊಳ್ಳಿ. ಅಷ್ಟು ವಿದ್ಯುತ್ತು 30 ಓಮ್ ದಾಟುವಾಗ 0.6 ವೋಲ್ಟ್ ದಾರದಲ್ಲೇ ಕಳೆದುಹೋಗುತ್ತದೆ. ಕೆಂಪು ದೀಪ ಈ ನಷ್ಟವನ್ನು ತಾಳುತ್ತದೆ, ಬಿಳಿಯದು ಮಂಕಾಗುತ್ತದೆ. ಎರಡು ಬಣ್ಣ ಬೆರೆಸಿದರೆ ಕೆಂಪೇ ಹೆಚ್ಚಿನ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ.

ದಾರದ ವಿಷಯದಲ್ಲಿ ನನ್ನದು ಒಂದೇ ಮಾತು: ಸ್ಟೀಲನ್ನೇ ತೆಗೆದುಕೊಳ್ಳಿ. ಬೆಳ್ಳಿ ಲೇಪದ ನೈಲಾನ್ ದಾರ ಬೆರಳಿಗೆ ಮೆತ್ತಗೆ, ಹೊಲಿಯಲು ಸುಲಭ, ಕೆಲವು ಬಗೆಗಳಲ್ಲಿ ಪ್ರತಿರೋಧವೂ ಕಡಿಮೆ. ಆದರೆ ಗಾಳಿಗೂ ಬೆವರಿಗೂ ಅದು ಕಪ್ಪಾಗುತ್ತದೆ, ಒಗೆದಂತೆಲ್ಲ ಲೇಪ ಸವೆಯುತ್ತದೆ. ಕೊಳ್ಳುವಾಗ ಇನ್ನೊಂದು ಎಚ್ಚರ. ಮಿರುಗುವ ಕಸೂತಿ ದಾರವನ್ನೇ ವಿದ್ಯುತ್ ದಾರವೆಂದು ಮಾರುವವರಿದ್ದಾರೆ. ಅದರ ಹೊಳಪು ಪ್ಲಾಸ್ಟಿಕ್ ಹಾಳೆಯದು, ಮಲ್ಟಿಮೀಟರಿನ ಎರಡು ಮೊನೆ ಇಟ್ಟರೆ ಸದ್ದೇ ಬರುವುದಿಲ್ಲ. ಜರಿ ನಡೆಯುತ್ತದೆಯೇ ಎಂದು ಕೇಳುವವರು ಬಹಳ. ಹಳೆಯ ಬಗೆಯ, ರೇಷ್ಮೆ ಎಳೆಗೆ ತೆಳು ಲೋಹದ ಹಾಳೆ ಸುತ್ತಿದ ಜರಿಯಲ್ಲಿ ವಿದ್ಯುತ್ತು ಹರಿಯುತ್ತದೆ. 1990ರ ದಶಕದಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಬಟ್ಟೆಯಲ್ಲಿ ಸರ್ಕ್ಯೂಟ್ ಕಟ್ಟಲು ಹೊರಟಾಗ ಬಳಸಿದ ಬಟ್ಟೆಗಳಲ್ಲಿ ತಾಮ್ರದ ಹಾಳೆ ಸುತ್ತಿದ ರೇಷ್ಮೆ ಎಳೆಯ ಭಾರತೀಯ ಆರ್ಗಂಜಾ ಎಂಬ ತೆಳು ಬಟ್ಟೆ ಕೂಡ ಇತ್ತು. ಈಗಿನ ಪ್ಲಾಸ್ಟಿಕ್ ಜರಿಯನ್ನು ನಂಬಬೇಡಿ.

ಗೆರೆ ಹಾಕುವುದು

ಮಾರ್ಕಿಂಗ್ ಚಾಕಿನಿಂದ ಕಾಲರಿನ ಮೇಲೆ ಎರಡು ಗೆರೆ ಎಳೆಯಿರಿ, ನಡುವೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಅಂತರ ಬೇಡ. ಮೇಲಿನದು ಪ್ಲಸ್, ಕೆಳಗಿನದು ಮೈನಸ್. ನಾಲ್ಕೂ ದೀಪಗಳ ಪ್ಲಸ್ ತೂತು ಮೇಲ್ಮುಖವಾಗಿಯೇ ಇರಬೇಕು.

ಬ್ಯಾಟರಿ ಹೋಲ್ಡರ್ ಎಡಭಾಗದ ಒಳಗೆ. ಅದರ ಪ್ಲಸ್‌ನಿಂದ ಒಂದು ಗಿಡ್ಡ ಸಾಲು ಎಡಗಡೆಯ ಅರ್ಧ ಟಿಚ್ ಬಟನ್ನಿಗೆ. ಬಲಗಡೆಯ ಅರ್ಧದಿಂದ ಪ್ಲಸ್ ಸಾಲು ಹೊರಟು ಕತ್ತು ಬಳಸಿ ಎಡಕ್ಕೆ ಬರಲಿ. ಮೈನಸ್ ಸಾಲು ಹೋಲ್ಡರ್‌ನಿಂದ ಹೊರಟು ಎಡದಿಂದ ಬಲಕ್ಕೆ ಹೋಗಲಿ. ಹೀಗೆ ಎರಡು ಸಾಲೂ ಎದುರುಬದುರು ತುದಿಗಳಿಂದ ಹೊರಟರೆ ಪ್ರತಿ ದೀಪಕ್ಕೂ ಒಟ್ಟು ದಾರದ ಉದ್ದ ಹೆಚ್ಚು ಕಡಿಮೆ ಒಂದೇ ಆಗುತ್ತದೆ. ಎರಡನ್ನೂ ಒಂದೇ ಕಡೆಯಿಂದ ಶುರುಮಾಡಿದವರ ಕಾಲರಿನಲ್ಲಿ ಮೊದಲ ದೀಪ ಪ್ರಖರ, ಕೊನೆಯದು ಬಡಕಲು.

ಹೊಲಿಯುವುದು

ದಾರವನ್ನು ಒಂದೇ ಎಳೆಯಾಗಿ ಪೋಣಿಸಿ. ತುದಿ ಕೆದರಿ ಸೂಜಿಕಣ್ಣಿಗೆ ಹೋಗದಿದ್ದರೆ ಅದಕ್ಕೊಂದು ಹನಿ ನೇಲ್ ಪಾಲಿಶ್ ಹಚ್ಚಿ ಒಣಗಿಸಿ. ಸಾಲಿನುದ್ದಕ್ಕೂ ಸಾದಾ ಓಟದ ಹೊಲಿಗೆ, 3–4 ಮಿಲಿಮೀಟರಿಗೆ ಒಂದು. ಎಳೆದರೆ ಹಿಗ್ಗುವ ಬಟ್ಟೆಯಾದರೆ ಅಂಕುಡೊಂಕಾಗಿ ಹೊಲಿಯಿರಿ, ಏಕೆಂದರೆ ಸ್ಟೀಲ್ ಹಿಗ್ಗುವುದಿಲ್ಲ. ಮೆಷಿನ್ನಿನಲ್ಲೇ ಹೊಲಿಯುತ್ತೇನೆ ಎನ್ನುವವರು ಸ್ಟೀಲ್ ದಾರವನ್ನು ಬಾಬಿನ್ನಿಗೆ ಸುತ್ತಿ, ಮೇಲೆ ಸಾಮಾನ್ಯ ದಾರ ಹಾಕಲಿ. ದೀಪದ ತೂತುಗಳನ್ನು ಮಾತ್ರ ಕೈಯಲ್ಲೇ ಹೊಲಿಯಬೇಕು.

ಇನ್ನು ತೂತಿನ ಹತ್ತಿರ. ಸೂಜಿ ಹಿಂಬದಿಯಿಂದ ತೂತಿನೊಳಗೆ ಮೇಲೆ ಬಂದು, ಲೋಹದ ಅಂಚನ್ನು ಬಳಸಿ, ಎಲ್‌ಇಡಿ ಕೂತಿರುವ ಬಿಲ್ಲೆಯ ಹೊರಗೆ ಬಟ್ಟೆಗೆ ಇಳಿಯಬೇಕು. ಇದು ಒಂದು ಸುತ್ತು. ಒಂದು ಸುತ್ತಿಗೇ ಮುಂದೆ ಹೋಗಿಬಿಡುವುದು ದೊಡ್ಡ ತಪ್ಪು. ದಾರ ಲೋಹಕ್ಕೆ ಬರೀ ಒರಗಿ ನಿಂತಿರುತ್ತದೆ, ಬಟ್ಟೆ ಮಡಿಸಿದಾಗ ಕೂದಲೆಳೆಯಷ್ಟು ಎದ್ದರೂ ದೀಪ ಆರುತ್ತದೆ. ನಾಲ್ಕು ಸುತ್ತು ಹಾಕಿ. ಪ್ರತಿ ಸುತ್ತಿನ ಕೊನೆಗೆ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ದಾರ ಎಳೆಯಿರಿ. ಉಗುರಿನಿಂದ ಬಿಲ್ಲೆಯನ್ನು ಎತ್ತಲು ನೋಡಿದರೆ ಅದು ಅಲುಗಬಾರದು. ಆಮೇಲೆ ಅದೇ ದಾರದಲ್ಲಿ ಮುಂದಿನ ದೀಪದ ಪ್ಲಸ್‌ಗೆ ಸಾಗಿ. ಒಂದೇ ದೀಪದ ಪ್ಲಸ್‌ನಿಂದ ಮೈನಸ್‌ಗೆ ಅದೇ ದಾರವನ್ನು ದಾಟಿಸಬೇಡಿ. ದಾಟಿಸಿದರೆ ವಿದ್ಯುತ್ತು ದೀಪವನ್ನು ಬಿಟ್ಟು ದಾರದಲ್ಲೇ ಹರಿದುಹೋಗುತ್ತದೆ.

ಸಾಲು ಮುಗಿದಾಗ ಗಂಟು. ಹತ್ತಿ ದಾರ ಗಂಟಿನೊಳಗೆ ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ. ಸ್ಟೀಲ್ ಸ್ಪ್ರಿಂಗಿನ ಹಾಗೆ, ಕಟ್ಟಿದ ಗಳಿಗೆಯಿಂದಲೇ ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ. ಅದಕ್ಕೇ ಈ ಕ್ರಮ ತಪ್ಪಿಸಬೇಡಿ. ಮೊದಲು ಹಿಂಬದಿಯಲ್ಲಿ, ಆಗಲೇ ಹೊಲಿದ ಹೊಲಿಗೆಗಳ ಅಡಿಯಲ್ಲಿ ಸೂಜಿಯನ್ನು ಎರಡು ಸಲ ನುಸುಳಿಸಿ. ಅಲ್ಲೇ ಗಂಟು ಹಾಕಿ, ಅದರ ಮೇಲೆ ಇನ್ನೊಂದು. ಈಗ ಕತ್ತರಿ ಮುಟ್ಟಬೇಡಿ. ಮಲ್ಟಿಮೀಟರಿನ ಒಂದು ಮೊನೆ ಗಂಟಿಗೆ, ಇನ್ನೊಂದು ಸಾಲಿನ ಮೊದಲ ತುದಿಗೆ ಇಟ್ಟು, ಬಟ್ಟೆಯನ್ನು ಮಡಿಸಿ, ಜಗ್ಗಿ, ಅಲ್ಲಾಡಿಸಿ. ಓಮ್ ಸಂಖ್ಯೆ ನಿಂತಲ್ಲೇ ನಿಂತರೆ ಸರಿ. ಕುಣಿದರೆ ಯಾವುದೋ ತೂತು ಸಡಿಲಿದೆ, ಒಂದೊಂದಾಗಿ ಒತ್ತಿ ನೋಡಿ ಹುಡುಕಿ. ಇದೆಲ್ಲ ಆದಮೇಲೆಯೇ ಗಂಟಿಗೆ ಒಂದು ಹನಿ ನೇಲ್ ಪಾಲಿಶ್. ಮೊದಲೇ ಸುರಿದರೆ ಅದು ದಾರ ಮತ್ತು ಲೋಹದ ನಡುವೆ ಇಳಿದು ಸಂಪರ್ಕವನ್ನೇ ಕೆಡಿಸುತ್ತದೆ. ಪೂರ್ತಿ ಒಣಗಲಿ. ಆಮೇಲೆ ಗಂಟಿನಾಚೆ ಉಳಿದ ದಾರದ ಬಾಲವನ್ನು 2–3 ಮಿಲಿಮೀಟರ್ ಉಳಿಸಿ ಕತ್ತರಿಸಿ. ಒಣಗುವ ಮೊದಲೇ ಕತ್ತರಿಸಿದ ಗಂಟು ಬಿಚ್ಚಿಕೊಳ್ಳುತ್ತದೆ. ಉದ್ದ ಬಾಲ ಬಿಟ್ಟರೆ ಅದು ಪಕ್ಕದ ಸಾಲಿಗೆ ತಾಗಿ ಶಾರ್ಟ್ ಆಗುತ್ತದೆ.

ಗಂಟಿನ ಗೋಜು ತಪ್ಪಿಸಲು ಕೆಲವರು ವಿದ್ಯುತ್ ಹರಿಯುವ ಬಣ್ಣ ಬಳಿಯುತ್ತಾರೆ. ಕಾಗದದ ಮೇಲೆ ಅದು ಚೆಂದ. ಕಾಲರು ದಿನಕ್ಕೆ ನೂರು ಸಲ ಮಡಿಸಿಕೊಳ್ಳುತ್ತದೆ, ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ.

ಬ್ಯಾಟರಿ ಹಾಕುವ ಮುನ್ನ

ಟಿಚ್ ಬಟನ್ ಬಿಚ್ಚಿಟ್ಟು ಪ್ಲಸ್ ಸಾಲಿಗೊಂದು, ಮೈನಸ್ ಸಾಲಿಗೊಂದು ಮೊನೆ ಇಡಿ. ಬೀಪ್ ಬಂದರೆ ಎಲ್ಲೋ ತಾಗಿದೆ, ಮೊದಲು ಬಾಲಗಳನ್ನು ನೋಡಿ. ಬರದಿದ್ದರೆ ಹಿಂಬದಿಗೆ ಲೈನಿಂಗ್ ಬಟ್ಟೆ ಹೊಲಿದುಬಿಡಿ. ಕಾಲರು ಮಡಿಸಿದಾಗ ಎರಡು ಸಾಲು ಒಂದಕ್ಕೊಂದು ತಾಗುವುದನ್ನೂ, ಕತ್ತಿನ ಬೆವರು ದಾರಕ್ಕೆ ಹತ್ತುವುದನ್ನೂ ಅದು ತಡೆಯುತ್ತದೆ.

ಮಕ್ಕಳಿರುವ ಮನೆಯಾದರೆ ಸ್ಕ್ರೂ ಹಾಕಿ ಮುಚ್ಚುವ ಹೋಲ್ಡರನ್ನೇ ಕೊಳ್ಳಿ. ನುಂಗಿದ ಬಟನ್ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಹೆಚ್ಚು ಹೊತ್ತು ಬೆಳಗಲಿ ಎಂದು ಮೊಬೈಲಿನ ಬಗೆಯ ಲಿಥಿಯಂ ಪೊಟ್ಟಣ ಹೊಲಿಯುವುದನ್ನು ನಾನು ಒಪ್ಪುವುದಿಲ್ಲ. ಸೂಜಿ ಚುಚ್ಚಿದರೆ ಅದು ಹೊತ್ತಿಕೊಳ್ಳಬಹುದು, ಅದೂ ಕತ್ತಿನ ಪಕ್ಕದಲ್ಲಿ.

ಒಗೆಯುವಾಗ ಬ್ಯಾಟರಿ ತೆಗೆಯಿರಿ. ಕೈಯಲ್ಲಿ, ಮೆದುವಾದ ಸೋಪಿನಲ್ಲಿ ಒಗೆಯಿರಿ, ಹಿಂಡಬೇಡಿ, ಬ್ಲೀಚ್ ಬೇಡ. ನೆರಳಲ್ಲಿ ಒಣಗಿಸಿ.

ಇದು ಕೈಗೆ ಕೂತ ಮೇಲೆ ಪ್ರೋಗ್ರಾಂ ಬರೆಯುವ ಆಸೆಯಾಗುತ್ತದೆ. ಲಿಯಾ ಬ್ಯೂಕ್ಲಿ ರೂಪಿಸಿ 2007ರಲ್ಲಿ ಮಾರುಕಟ್ಟೆಗೆ ಬಂದ ಲಿಲಿಪ್ಯಾಡ್ ಆರ್ಡುಯಿನೊದಂಥ ಪ್ರೋಗ್ರಾಂ ತುಂಬಬಲ್ಲ ಪುಟ್ಟ ಬೋರ್ಡುಗಳಲ್ಲಿ ಅಂಚಿಗೆ ಹೊಲಿಗೆ ತೂತುಗಳಿರುತ್ತವೆ. ಆ ತೂತುಗಳಿಗೂ ನಾಲ್ಕೇ ಸುತ್ತು, ಇದೇ ಗಂಟು.