ಕೊನೆಯ ಕ್ಲಿಪ್ ಬ್ಯಾಟರಿಗಲ್ಲ

ಡಿಸೆಂಬರಿನ ಒಂದು ಬೆಳಿಗ್ಗೆ ಮಡಿಕೇರಿಯ ಹೋಂಸ್ಟೇ ಒಂದರ ಅಂಗಳದಲ್ಲಿ ಕಾರಿನ ಕೀಲಿ ತಿರುಗಿಸಿದಾಗ ಎಂಜಿನ್ನಿನಿಂದ ಕಟಕಟ ಸದ್ದಷ್ಟೇ ಬಂತು. ಮೀಟರಿನ ದೀಪಗಳು ಒಮ್ಮೆ ಮಿನುಗಿ ಮಂಕಾದವು. ಹಿಂದಿನ ಸಂಜೆ ಸಾಮಾನು ಇಳಿಸುವಾಗ ಮಕ್ಕಳು ಹಾಕಿದ್ದ ಒಳಗಿನ ದೀಪ ರಾತ್ರಿಯಿಡೀ ಉರಿದಿತ್ತು. ಮಲ್ಟಿಮೀಟರ್ ಹಿಡಿದು ನೋಡಿದರೆ 11.3 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ತೋರಿಸಬೇಕು.

ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇತ್ತು, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ವಿದ್ಯುತ್ ಪಡೆದು ಸ್ಟಾರ್ಟ್ ಮಾಡಲು ಬಳಸುವ ಕೆಂಪು, ಕಪ್ಪು ಕೇಬಲ್‌ಗಳ ಜೋಡಿ. ಅದು ನನ್ನ ಎರಡನೆಯ ಜೋಡಿ. ಮೊದಲು ರಸ್ತೆಬದಿಯಲ್ಲಿ ಅಗ್ಗಕ್ಕೆ ಕೊಂಡಿದ್ದ ಕೇಬಲ್ ನೋಡಲು ಬೆರಳಿನಷ್ಟು ದಪ್ಪವಾಗಿದ್ದರೂ, ಸೆಲ್ಫ್ ಹೊಡೆದ ಕೂಡಲೇ ಬಿಸಿಯಾಗಿ ರಬ್ಬರ್ ಸುಟ್ಟ ವಾಸನೆ ಬಂದಿತ್ತು. ಆಮೇಲೆ ಬ್ಲೇಡಿನಿಂದ ಕೊಯ್ದು ನೋಡಿದಾಗ ದಪ್ಪವೆಲ್ಲ ಹೊದಿಕೆಯದೇ ಆಗಿದ್ದು, ಒಳಗೆ ಕೂದಲೆಳೆಯಂಥ ನಾಲ್ಕು ತಂತಿಗಳಿದ್ದವು. ಸ್ಟಾರ್ಟರ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವುದರಿಂದ, ಈಗ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲನ್ನೇ ಇಟ್ಟುಕೊಂಡಿದ್ದೇನೆ.

ಅಲ್ಲೇ ನಿಂತಿದ್ದ ಟ್ಯಾಕ್ಸಿಯ ಚಾಲಕರನ್ನು ಕೇಳಿಕೊಂಡೆ. ಅವರದೂ 12 ವೋಲ್ಟಿನ ಬ್ಯಾಟರಿಯೇ. (ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ ಅವುಗಳ ಸಹಾಯ ಪಡೆಯಬಾರದು.) ಎರಡೂ ಗಾಡಿಗಳು ಒಂದಕ್ಕೊಂದು ತಾಗದಂತೆ ಮೂತಿಗೆ ಮೂತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ದೀಪ, ಎಸಿಗಳನ್ನೆಲ್ಲ ಆರಿಸಿದೆವು. ನನ್ನ ಬ್ಯಾಟರಿ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ಆಸಿಡ್ ಸೋರಿದೆಯೇ ಎಂದು ಟಾರ್ಚ್ ಹಾಕಿ ನೋಡಿದೆ. ಹಾಗಿದ್ದಿದ್ದರೆ ಕೇಬಲ್ ಮಡಚಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದೆ. ಪ್ಲಸ್ ಟರ್ಮಿನಲ್ಲಿನ ಮೇಲೆ ಉಪ್ಪಿನಂತೆ ಕಟ್ಟಿದ್ದ ಬಿಳಿ ಪುಡಿಯನ್ನು, ಕೈಯ ಉಂಗುರ ಕಳಚಿ ಜೇಬಿಗಿಟ್ಟ ಮೇಲೆ, ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆದೆ.

ಕೆಂಪು ಕ್ಲಿಪ್ಪನ್ನು ಮೊದಲು ನನ್ನ ಪ್ಲಸ್‌ಗೆ, ಅದರ ಇನ್ನೊಂದು ತುದಿಯನ್ನು ಟ್ಯಾಕ್ಸಿಯ ಪ್ಲಸ್‌ಗೆ, ಬಳಿಕ ಕಪ್ಪು ಕ್ಲಿಪ್ಪನ್ನು ಟ್ಯಾಕ್ಸಿಯ ಮೈನಸ್‌ಗೆ ಹಾಕಿದೆ. ಉಳಿದದ್ದು ಕಪ್ಪು ಕೇಬಲ್ಲಿನ ಇನ್ನೊಂದು ತುದಿ.

“ಸಾರ್, ಅದನ್ನೂ ನಿಮ್ಮ ಬ್ಯಾಟರಿಗೇ ಕಚ್ಚಿಸಿಬಿಡಿ, ನಾವು ಯಾವಾಗಲೂ ಹಾಗೇ ಮಾಡೋದು,” ಎಂದರು ಚಾಲಕರು.

ಹಾಗೆ ಮಾಡಿದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಸುಳ್ಳಲ್ಲ. ಆದರೆ ಕೊನೆಯ ಕ್ಲಿಪ್ ಮುಟ್ಟಿದಾಗಲೇ ವಿದ್ಯುತ್ ಮಂಡಲ ಪೂರ್ಣಗೊಂಡು ಕಿಡಿ ಹಾರುವುದು. ಲೆಡ್-ಆಸಿಡ್ ಬ್ಯಾಟರಿಯಾದರೋ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಬ್ಯಾಟರಿಯ ಸುತ್ತ ನಿಂತಿದ್ದರೆ ಆ ಒಂದು ಕಿಡಿಯೇ ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಎರಚಿಬಿಡುತ್ತದೆ. ಬ್ಯಾಟರಿಯ ಮೈನಸ್ ಹೇಗೂ ಎಂಜಿನ್ನಿನ ಲೋಹಕ್ಕೆ ಸೇರಿಕೊಂಡೇ ಇರುತ್ತದೆ. ಆದ್ದರಿಂದ ನಾನು ಬ್ಯಾಟರಿಯಿಂದ ದೂರದಲ್ಲಿದ್ದ, ಎಂಜಿನ್ ಎತ್ತಲೆಂದು ಅದಕ್ಕೆ ಜೋಡಿಸಿರುವ, ಬಣ್ಣ ಬಳಿಯದ ಕಬ್ಬಿಣದ ಕೊಂಡಿಗೆ ಆ ಕ್ಲಿಪ್ಪನ್ನು ಕಚ್ಚಿಸಿದೆ. ಚಿಟ್ ಎಂದು ಸಣ್ಣ ಕಿಡಿ ಹಾರಿತು. ಚಾಲಕರು ಅದನ್ನು ಕಂಡು ಏನೂ ಹೇಳದೆ ಟ್ಯಾಕ್ಸಿ ಸ್ಟಾರ್ಟ್ ಮಾಡಿದರು.

ಐದು ನಿಮಿಷ ಕಾದೆವು. ಇಲ್ಲಿ ಅವಸರಪಡುವವರೇ ಹೆಚ್ಚು. ಈ ಹೊತ್ತಿನಲ್ಲಿ ಖಾಲಿ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ಸೇರಿದರೆ ಕೇಬಲ್ಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಬಳಿಕ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದೆಂದು ಮನಸ್ಸಿನಲ್ಲೇ ಎಣಿಸುತ್ತ ಕೀಲಿ ತಿರುಗಿಸಿದೆ. ಎರಡು ಎಣಿಸುವಷ್ಟರಲ್ಲಿ ಎಂಜಿನ್ ಹಿಡಿಯಿತು. ಕ್ಲಿಪ್ ಕೀಳುವಾಗ ವೋಲ್ಟೇಜ್ ಒಮ್ಮೆಲೇ ಜಿಗಿಯದಿರಲೆಂದು ಬ್ಲೋವರ್ ಹಾಕಿ, ಹಾಕಿದ್ದಕ್ಕೆ ತಿರುಗುಮುರುಗಾಗಿ, ಎಂಜಿನ್ನಿನ ಮೇಲಿದ್ದ ಕಪ್ಪು ಕ್ಲಿಪ್ಪಿನಿಂದಲೇ ಆರಂಭಿಸಿ ಎಲ್ಲವನ್ನೂ ಬಿಚ್ಚಿದೆ. ಕ್ಲಿಪ್‌ಗಳು ಒಂದಕ್ಕೊಂದು ತಾಗದಂತೆ ಎರಡೂ ಕೈಗಳಲ್ಲಿ ದೂರ ಹಿಡಿದುಕೊಂಡಿದ್ದೆ.

ಮಲ್ಟಿಮೀಟರ್ ಈಗ 14.1 ವೋಲ್ಟ್ ತೋರಿಸಿತು, ಎಂದರೆ ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿತ್ತು. ಆದರೆ ನನಗೊಂದು ಲೆಕ್ಕ ಹೊಂದಲಿಲ್ಲ. ಐದು ವಾಟಿನ ಬಲ್ಬು ಹನ್ನೆರಡು ಗಂಟೆ ಉರಿದರೂ ಐದು ಆಂಪಿಯರ್-ಅವರ್ ಮಾತ್ರ ಖರ್ಚಾಗುತ್ತದೆ. ನನ್ನದು 35 ಆಂಪಿಯರ್-ಅವರ್‌ನ ಬ್ಯಾಟರಿ. ಹೊಸದಾಗಿದ್ದರೆ ಇಷ್ಟಕ್ಕೆ ಕೂರುತ್ತಿರಲಿಲ್ಲ, ಇದಕ್ಕೆ ನಾಲ್ಕು ವರ್ಷ ತುಂಬಿತ್ತು. ಸುಮಾರು 120 ಕಿಲೋಮೀಟರ್ ಓಡಿಸಿಕೊಂಡು ಮೈಸೂರಿಗೆ ಬಂದು, ಮರುದಿನ ಬೆಳಿಗ್ಗೆ ಕೀಲಿ ಮುಟ್ಟುವ ಮೊದಲೇ ಅಳೆದರೆ 12.1 ವೋಲ್ಟ್ ಇತ್ತು. ಅಂದೇ ಹೊಸ ಬ್ಯಾಟರಿ ಹಾಕಿಸಿದೆ.